ಚಿಪ್ಪು ಹಾಕಿಸಿಕೊಂಡವನು

ನನ್ನ ಎರಡೂ ಮೊಣಕಾಲು ಹುಟ್ಟುವಾಗ ಬಂದವೇ, ಇವತ್ತಿಗೂ ಗಟ್ಟಿಯಾಗಿವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವರನ್ನು ಕೇಳಿದ್ದರೆ ಹೋದ ಬೇಸಿಗೆಯಲ್ಲಿ ಅವರು ಬೇರೆಯೇ ಕಥೆ ಹೇಳುತ್ತಿದ್ದರು. ಆ ಕಥೆಯನ್ನು ನಾನು ಹುಟ್ಟಿಸಲಿಲ್ಲ. ಹುಟ್ಟಿದ ಮೇಲೆ ಹಾಲೆರೆದು ಸಾಕಿದೆ, ಅಷ್ಟೇ.

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮನೆ ಇಂಡಿಯಲ್ಲಿ. ವಾರಕ್ಕೊಂದು ಸಲ ಸಿಂದಗಿ, ಹದಿನೈದು ದಿನಕ್ಕೊಂದು ಸಲ ಬಾಗೇವಾಡಿ ಮತ್ತು ಮುದ್ದೇಬಿಹಾಳ, ನಡುವೆ ಯಾರಾದರೂ ಫೋನು ಮಾಡಿದರೆ ಅವರ ಹಳ್ಳಿ. ಸೂಜಿ, ಬೆಲ್ಟು, ಬಾಬಿನ್ನು, ಎಣ್ಣೆ ಡಬ್ಬಿ ಎಲ್ಲ ಮೋಟರ್ ಸೈಕಲ್ಲಿನ ಪಕ್ಕದ ಪೆಟ್ಟಿಗೆಯಲ್ಲಿ. ಇಪ್ಪತ್ತು ವರ್ಷ ಹೀಗೆ ತಿರುಗಿದವನು ಒಂದು ದಿನವೂ ಬಿದ್ದಿರಲಿಲ್ಲ. ಬೀಳುವವರೆಲ್ಲ ಗಾಡಿ ಹೊಡೆಯಲು ಬಾರದವರು ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ತೊಗರಿ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಕೊಯ್ದ ಗಿಡಗಳನ್ನು ರಸ್ತೆಯ ಮೇಲೆ ಹಾಸಿದರೆ ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಅದರ ಮೇಲೆ ಗಾಡಿ ಓಡಿಸುವಾಗ ನಾನು ಪುಕ್ಕಟೆಯಾಗಿ ರೈತನ ಸೇವೆ ಮಾಡುತ್ತಿದ್ದೇನೆ ಎಂಬ ಠೀವಿ ನನಗೆ. ಹೋದ ಜನವರಿಯಲ್ಲಿ ಸಾಲೋಟಗಿ ದಾಟಿದ ಮೇಲೆ ಅದೇ ಠೀವಿಯಲ್ಲಿ ಹೋಗುತ್ತಿದ್ದಾಗ ತೊಗರಿ ಕಟ್ಟಿಗೆ ಚಕ್ರದ ಕೆಳಗೆ ಜಾರಿತು. ಗಾಡಿ ಒಂದು ಕಡೆ, ನಾನು ಒಂದು ಕಡೆ. ಬಲಗಾಲಿನ ಮೊಣಕಾಲು ರಸ್ತೆಯನ್ನು ಉಜ್ಜಿಕೊಂಡು ಹೋಯಿತು. ರೈತ ಓಡಿ ಬಂದ. ಬಂದವನು ಮೊದಲು ನೋಡಿದ್ದು ತೊಗರಿಯನ್ನು.

"ಏನೋ ಅಣ್ಣಾ, ಅರ್ಧಾ ರಾಶಿ ಗಟಾರಕ್ಕ ದೂಡಿದೆಲ್ಲೊ!" ಎಂದ. ಆಮೇಲೆ ನನ್ನ ಮೊಣಕಾಲು ನೋಡಿ, ತನ್ನ ಕೊಡದ ನೀರು ತಂದು ಗಾಯ ತೊಳೆದ.

ಗಾಯ ಮೂರು ವಾರಕ್ಕೆ ಮಾಯಿತು. ಅಂಜಿಕೆ ಮಾಯಲಿಲ್ಲ. ರಸ್ತೆಯ ಮೇಲೆ ಒಂದು ಹುಲ್ಲುಕಡ್ಡಿ ಕಂಡರೂ ಎರಡೂ ಮೊಣಕಾಲು ತಾವಾಗಿಯೇ ಪೆಟ್ರೋಲ್ ಟ್ಯಾಂಕಿಗೆ ಅಂಟಿಕೊಳ್ಳುತ್ತಿದ್ದವು. ಇದನ್ನು ಯಾರಿಗೆ ಹೇಳುವುದು? ನಮ್ಮಲ್ಲಿ ಹೆಲ್ಮೆಟ್ ಹಾಕಿಕೊಂಡರೇ "ಯಾವ ಯುದ್ಧಕ್ಕ ಹೊಂಟೀಪಾ?" ಎಂದು ಕೇಳುವ ಜನ. ಇಪ್ಪತ್ತು ವರ್ಷ ಜಂಬ ಕೊಚ್ಚಿಕೊಂಡವನು ಈಗ ಅಂಜಿಕೆ ಬರುತ್ತದೆ ಎಂದರೆ ನನ್ನನ್ನು ಬದುಕಲು ಬಿಡುತ್ತಿದ್ದರೇ?

ಬಿಡಿ ಭಾಗ ತರಲು ಸೊಲ್ಲಾಪುರಕ್ಕೆ ಹೋದಾಗ ಮೋಟರ್ ಸೈಕಲ್ ಸಾಮಾನಿನ ಅಂಗಡಿಯಲ್ಲಿ ಮೊಣಕಾಲಿನ ಗಾರ್ಡು ತೂಗುಹಾಕಿದ್ದು ಕಣ್ಣಿಗೆ ಬಿತ್ತು. ಮುಂದೆ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು, ಒಳಗೆ ಸ್ಪಂಜು, ಹಿಂದೆ ಬಿಗಿಯಲು ಎರಡು ಪಟ್ಟಿ. ಗುಡ್ಡ ಬೆಟ್ಟ ತಿರುಗುವ ಹುಡುಗರು ಪ್ಯಾಂಟಿನ ಮೇಲೆ ಕಟ್ಟಿಕೊಳ್ಳುತ್ತಾರೆ ಎಂದ ಅಂಗಡಿಯವನು. ಒಳಗೆ ಕಟ್ಟಿಕೊಂಡರೆ ನಡೆಯುತ್ತದೆಯೇ ಎಂದು ಕೇಳಿದೆ. ನಡೆಯುತ್ತದೆ, ಆದರೆ ಪ್ಯಾಂಟು ಸಡಿಲ ಇರಬೇಕು ಎಂದ. ಅಲ್ಲೇ ಪರದೆಯ ಹಿಂದೆ ಹೋಗಿ ಕಟ್ಟಿಕೊಂಡೆ, ಅವುಗಳ ಸಮೇತ ಇಂಡಿಗೆ ಬಂದೆ.

ಹೆಂಡತಿ ಒಂದು ಸಲ ನೋಡಿದಳು, ಎರಡು ಸಲ ನೋಡಿದಳು.

"ಇದೇನ್ರಿ ಇದು, ಎರಡೂ ಮೊಣಕಾಲಿಗೆ ಕೊಬ್ಬರಿ ಚಿಪ್ಪ ಕಟ್ಗೊಂಡ ಬಂದೀರಿ?"

ಅವತ್ತಿನಿಂದ ನಮ್ಮ ಮನೆಯಲ್ಲಿ ಅವುಗಳ ಹೆಸರು ಚಿಪ್ಪು. ಬೆಳಿಗ್ಗೆ ಹೊರಡುವಾಗ ಅವಳು ಬಾಗಿಲಿಗೆ ಬಂದು "ಚಿಪ್ಪ ಹಾಕ್ಕೊಂಡ್ರಿ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಕೇಳುವಾಗ ಅವಳ ತುಟಿ ಒಂದು ಕಡೆಗೆ ಸೊಟ್ಟಗಾಗುತ್ತಿತ್ತು. ನಮ್ಮ ಬಿಸಿಲಿನಲ್ಲಿ ಪ್ಯಾಂಟಿನೊಳಗೆ ಸ್ಪಂಜು ಕಟ್ಟಿಕೊಳ್ಳುವುದು ಎಂದರೆ ಏನೆಂದು ಕಟ್ಟಿಕೊಂಡವರಿಗೇ ಗೊತ್ತು. ಹಿಂದಿನ ಪಟ್ಟಿ ಕಡಿಯುತ್ತದೆ, ತುರಿಸಿಕೊಳ್ಳಲು ಆಗುವುದಿಲ್ಲ. ಬೆವರು ಹೆಚ್ಚಾದರೆ ಚಿಪ್ಪು ಜಾರಿ ಮೀನಖಂಡದ ಕಡೆಗೆ ತಿರುಗುತ್ತದೆ. ಆಗ ಎಲ್ಲಾದರೂ ಜಾಲಿ ಗಿಡದ ಮರೆ ಹುಡುಕಿ, ಬಗ್ಗಿ, ಮೇಲೆ ಎಳೆದುಕೊಳ್ಳಬೇಕು. ನೋಡಿದವರು ಬೇರೆ ಏನೋ ಅಂದುಕೊಂಡು ಮುಖ ತಿರುಗಿಸುತ್ತಿದ್ದರು.

ಇನ್ನು ಖಾಲಾ. ಸಿಂದಗಿಯ ಒಂದು ಓಣಿಯಲ್ಲಿ ಅವರ ಮನೆ. ಅವರ ಮಂದಿ ತಲೆತಲಾಂತರದಿಂದ ಅಲ್ಲಿಯವರು. ಓಣಿಯಲ್ಲಿ ಹಿಂದೂ, ಮುಸ್ಲಿಂ ಎನ್ನದೆ ಎಲ್ಲರೂ ಅವರನ್ನು ಕರೆಯುವುದು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ, ನಾನೂ ಅಷ್ಟೆ. ರವಿಕೆ, ಫ್ರಾಕು, ಸಾಲಿ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಕಾಲಿನಿಂದ ತುಳಿಯುವ ಅವರ ಯಂತ್ರ ನನಗಿಂತ ಹಳೆಯದು, ನನಗಿಂತ ನೆಟ್ಟಗೆ ಕೆಲಸ ಮಾಡುತ್ತದೆ. ತುಳಿದು ತುಳಿದು ಅವರ ಮೊಣಕಾಲು ಸವೆದು ಹೋಗಿದ್ದವು. ಎದ್ದು ನಿಲ್ಲಲು ಗೋಡೆ ಬೇಕು, ಅಂಗಳಕ್ಕೆ ಬರಲು ಮಗಳ ಭುಜ ಬೇಕು. ನಮಾಜು ಕುರ್ಚಿಯ ಮೇಲೆ. ಯಂತ್ರಕ್ಕೆ ಮೋಟರ್ ಹಾಕಿಕೊಡುತ್ತೇನೆ ಎಂದು ನಾನು ನಾಲ್ಕು ಸಲ ಹೇಳಿದ್ದೆ. "ಕರೆಂಟಿನ ಕಾಲು ನನಗ ಬ್ಯಾಡ" ಎಂದು ನಾಲ್ಕೂ ಸಲ ಓಡಿಸಿದ್ದರು. ಮಗಳು ಸಾಲಿ ಟೀಚರ್. ಬಿಜಾಪುರಕ್ಕೆ ಹೋಗಿ ಆಪರೇಶನ್ ಮಾಡಿಸೋಣ ಎಂದು ಎರಡು ವರ್ಷದಿಂದ ತಾಯಿಯ ಬೆನ್ನು ಹತ್ತಿದ್ದಳು. ಹೀಗೇ ಬಿಟ್ಟರೆ ಇನ್ನೊಂದು ವರ್ಷದಲ್ಲಿ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರಂತೆ. ಖಾಲಾ ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ.

ಹೋಳಿ ಹುಣ್ಣಿಮೆಯ ಸುಮಾರಿಗೆ ಒಂದು ಮಧ್ಯಾಹ್ನ ಅವರ ಯಂತ್ರದ ಬೆಲ್ಟು ಹಾಕಲು ನೆಲದ ಮೇಲೆ ಚಕ್ಕಳಮಕ್ಕಳ ಕುಳಿತಿದ್ದೆ. ಏಳುವಾಗ ಬಲ ಮೊಣಕಾಲು ಯಂತ್ರದ ಕಬ್ಬಿಣದ ಕಾಲಿಗೆ ಬಡಿಯಿತು. ಟಕ್ ಎಂದು ಸಪ್ಪಳ. ಮಾಂಸ, ಎಲುಬಿನಿಂದ ಬರುವ ಸಪ್ಪಳವಲ್ಲ ಅದು. ಖಾಲಾ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ತಲೆ ಎತ್ತಿದರು.

"ಏನೋ ಅದು ಟಕ್ ಅಂದಿದ್ದು?"

"ಚಿಪ್ರಿ ಖಾಲಾ" ಎಂದೆ. ಮನೆಯ ಮಾತು ಬಾಯಿಗೆ ಬಂದುಬಿಟ್ಟಿತು.

"ಮೊಣಕಾಲ ಚಿಪ್ಪಾ? ಯಾವಾಗ ಹಾಕಿಸಿದಿ?"

"ಒಂದ ತಿಂಗಳಾತ್ರಿ. ಸೊಲ್ಲಾಪುರದಾಗ."

"ಎರಡೂ ಕಾಲಿಗೆ?"

"ಒಂದಕ್ಕ ಹಾಕ್ಕೊಂಡ ಏನ ಮಾಡೂದ್ರಿ? ಎರಡಕ್ಕೂ ಬೇಕಲ್ಲ."

ಖಾಲಾ ಗಲ್ಲಕ್ಕೆ ಕೈ ಹಚ್ಚಿದರು. "ಯಾ ಅಲ್ಲಾ! ಎಷ್ಟ ದಿನಾ ಮಲಗಿದ್ದೆಪಾ?"

ಆಗ ನನಗೆ ತಿಳಿಯಿತು. ನಮ್ಮ ಕಡೆ ಮೊಣಕಾಲು ಬದಲಿಸುವ ಆಪರೇಶನ್‌ಗೆ ಹೆಚ್ಚಿನವರು ಆಪರೇಶನ್ ಎನ್ನುವುದಿಲ್ಲ. ಚಿಪ್ಪು ಹಾಕಿಸುವುದು ಎನ್ನುತ್ತಾರೆ. ನಾನು ಹೇಳಿದ್ದು ಪ್ಲಾಸ್ಟಿಕ್ಕಿನ ಚಿಪ್ಪು, ಖಾಲಾ ಕೇಳಿಸಿಕೊಂಡದ್ದು ಡಾಕ್ಟರು ಕೊಯ್ದು ಕೂರಿಸುವ ಚಿಪ್ಪು. ಅಲ್ಲಿಗೇ ಪ್ಯಾಂಟು ಮೇಲೆತ್ತಿ ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ತೋರಿಸಿದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ನನ್ನೊಳಗಿನ ಕಿಡಿಗೇಡಿ ಎದ್ದು ಕುಳಿತಿದ್ದ.

"ಒಂದ ದಿನಾನೂ ಮಲಗಿಲ್ರಿ" ಎಂದೆ. "ಹಾಕ್ಕೊಂಡ ಕೂಡಲೇ ಗಾಡಿ ಹತ್ತೇನಿ. ಸೊಲ್ಲಾಪುರದಿಂದ ಇಂಡಿತನಕಾ ನಾನೇ ಹೊಡ್ಕೊಂಡ ಬಂದೇನಿ."

"ನೋವು?"

"ನೋವಿಲ್ರಿ. ಬ್ಯಾಸಗಿಯೊಳಗ ಸ್ವಲ್ಪ ತುರಸ್ತೈತಿ."

ಒಂದಾದರೂ ಸುಳ್ಳು ಹೇಳಿದೆನೇ? ಒಂದೂ ಇಲ್ಲ. ಅದೇ ನನ್ನ ಹೆಮ್ಮೆ. ಮನೆಗೆ ಬಂದು ಹೆಂಡತಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಮುಂದಿನ ವಾರ ಹೋಗಿ ಖರೇ ಹೇಳಿ ಬರ್ರಿ" ಎಂದಳು. ಮುಂದಿನ ವಾರ ನಾನು ಬೇಕೆಂದೇ ಮುದ್ದೇಬಿಹಾಳಕ್ಕೆ ಹೋದೆ.

ಹೊಲಿಗೆಯವರ ಬಾಯಿಗೆ ಬಿದ್ದ ಸುದ್ದಿಗೆ ಬಸ್ಸು ಬೇಕಿಲ್ಲ. ಮುದ್ದೇಬಿಹಾಳದ ದರ್ಜಿ ನಾನು ಒಳಗೆ ಕಾಲಿಟ್ಟ ಕೂಡಲೇ ತಾನು ಕುಳಿತಿದ್ದ ಕುರ್ಚಿ ಬಿಟ್ಟುಕೊಟ್ಟ. ಇಪ್ಪತ್ತು ವರ್ಷದಲ್ಲಿ ಆತ ನನಗೆ ಕುರ್ಚಿ ಕೊಟ್ಟದ್ದು ಅದೇ ಮೊದಲು. ಆಮೇಲೆ ಅಳತೆಯ ಕಟ್ಟಿಗೆ ಪಟ್ಟಿಯಿಂದ ನನ್ನ ಮೊಣಕಾಲಿಗೆ ಎರಡು ಸಲ ಬಡಿದು ನೋಡಿ, "ಏ, ಭಾರೀ ಮಾಲ ಹಾಕ್ಯಾರ" ಎಂದ. ಬಾಗೇವಾಡಿಯ ಬಟ್ಟೆ ಅಂಗಡಿಯವರು ತಮ್ಮ ಅತ್ತೆಗೆ ತೋರಿಸಬೇಕು, ಡಾಕ್ಟರು ಹೆಂಗೆ ಎಂದು ಕೇಳಿದರು. "ಕೊಟ್ಟಾವ ಸಣ್ಣ ವಯಸ್ಸಿನಾವ್ರಿ, ಹಾಕ್ಕೊಳಾಕ ಹತ್ತ ನಿಮಿಷನೂ ಹಿಡೀಲಿಲ್ಲ" ಎಂದೆ. ಹೊರ್ತಿಯ ಹೆಂಗಸೊಬ್ಬಳು ಯಂತ್ರವನ್ನು ತಾನೇ ಕಟ್ಟೆಯ ಮೇಲೆ ಎತ್ತಿಟ್ಟಳು, ನಾನು ಬಗ್ಗಬಾರದು ಎಂದು. ಹೊರಡುವಾಗ ಒಂದು ಚೀಲ ನಿಂಬೆಹಣ್ಣು ಗಾಡಿಗೆ ಕಟ್ಟಿದಳು. ಅಂಜುಬುರುಕ ಎನ್ನಿಸಿಕೊಳ್ಳುವುದಕ್ಕಿಂತ ರೋಗಿ ಎನ್ನಿಸಿಕೊಳ್ಳುವುದರಲ್ಲಿ ಎಷ್ಟು ಸುಖವಿದೆ ಎಂದು ನನಗೆ ಆಗ ಗೊತ್ತಾಯಿತು. ನಡುನಡುವೆ ಸ್ವಲ್ಪ ಕುಂಟುವುದನ್ನೂ ಕಲಿತೆ. ಯಾವ ಕಾಲು ಎಂದು ಮರೆತು ಒಮ್ಮೊಮ್ಮೆ ಕಾಲು ಬದಲಾಗುತ್ತಿತ್ತು.

ಬಕ್ರೀದ್ ಮುಗಿದ ಮರುವಾರ ಖಾಲಾನ ಮಗಳು ಫೋನು ಮಾಡಿದಳು. ಅವಳ ಧ್ವನಿಯಲ್ಲಿ ನಗು, ಅಳು ಎರಡೂ ಇದ್ದವು.

"ಅಣ್ಣಾರ, ಅಮ್ಮಾ ಆಪರೇಶನ್ನಿಗೆ ಒಪ್ಯಾಳ್ರಿ. ಎರಡ ವರ್ಷ ನಾ ಹೇಳಿದ್ದ ಕೇಳ್ಲಿಲ್ಲ, ನಿಮ್ಮ ಕಾಲ ನೋಡಿ ಒಪ್ಯಾಳ. ಶುಕ್ರವಾರ ಬಿಜಾಪುರಕ್ಕ ಕರಕೊಂಡ ಹೊಂಟೇವಿ. ನಿಮ್ಮ ಉಪಕಾರ ಮರೆಯೂದಿಲ್ರಿ."

ಫೋನು ಇಟ್ಟ ಮೇಲೆ ಹೆಂಡತಿಗೆ ಹೇಳಿದೆ. ಆದರೂ ನನ್ನ ವಕೀಲಿಕೆ ಬಿಡಲಿಲ್ಲ. ಈಗ ಹೇಳಿದರೆ ಖಾಲಾ ಬೇಡ ಎಂದುಬಿಡುತ್ತಾರೆ, ಹಾಸಿಗೆ ಹಿಡಿಯುತ್ತಾರೆ, ಆ ಪಾಪ ನನ್ನ ತಲೆಗೆ. ಆದ್ದರಿಂದ ಆಪರೇಶನ್ ಮುಗಿದ ಮೇಲೆ ಹೇಳುವುದೇ ಪುಣ್ಯದ ಕೆಲಸ ಎಂದು ವಾದಿಸಿದೆ.

"ಕೊಯ್ದ ಮ್ಯಾಲ ಆಕಿ ಒಂದ ದಿನಾನೂ ಮಲಗದ ಎದ್ದ ನಿಂತ್ರ?" ಎಂದಳು ಹೆಂಡತಿ. "ನೀವ ಕುಂತಂಗ ನೆಲಕ್ಕ ಕುಂತ್ರ?"

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬುಧವಾರ ಬೆಳಿಗ್ಗೆ ಸಿಂದಗಿಗೆ ಹೊರಟೆ. ಅವತ್ತು ರಸ್ತೆಯ ಮೇಲೆ ಹುಲ್ಲುಕಡ್ಡಿಯಿತ್ತೋ ಇಲ್ಲವೋ ನೋಡಲಿಲ್ಲ.

ಖಾಲಾ ಉತ್ಸಾಹದಲ್ಲಿದ್ದರು. ಮಂಚದ ಮೇಲೆ ಒಂದು ಹೊಸ ಜಾನಮಾಜು, ಅಂದರೆ ನಮಾಜಿನ ಹಾಸು, ಮಡಚಿ ಇಟ್ಟಿದ್ದರು.

"ಬಾ, ಬಾ. ನೋಡು, ಇದು ಬಿಜಾಪುರದಿಂದ ಬಂದ ಮ್ಯಾಲ ಹಾಸೂದಕ್ಕ. ಕುರ್ಚಿ ಸಾಕಾಗೇತಿ ನನಗ. ಡಾಕ್ಟರ್ ಅಂತಾನ, ಚಿಪ್ಪ ಹಾಕಿದ ಮ್ಯಾಲ ನೆಲಕ್ಕ ಕೂಡಾಕ ಹೋಗಬ್ಯಾಡ ಅಂತ. ನಾ ಅಂದೆ, ನಿಂಗೇನ ಗೊತ್ತಪಾ, ನಮ್ಮ ಮಶೀನ ರಿಪೇರಿಯಾವ ಚಕ್ಕಳಮಕ್ಕಳ ಕೂಡ್ತಾನ, ನಾ ಕಣ್ಣಾರೆ ನೋಡೇನಿ."

ಮಗಳು ನಗುತ್ತಾ ಚಹಾ ತಂದಿಟ್ಟಳು. ನಾನು ಚಹಾ ಮುಟ್ಟಲಿಲ್ಲ. ಬಗ್ಗಿ, ಪ್ಯಾಂಟಿನ ತುದಿ ಹಿಡಿದು ಮೊಣಕಾಲಿನ ಮೇಲೆ ಎಳೆದೆ. ಪಟ್ಟಿ ಬಿಚ್ಚಿ ಚಿಪ್ಪನ್ನು ತೆಗೆದು ಖಾಲಾನ ಕೈಯಲ್ಲಿಟ್ಟೆ. ಅದು ಬೆವರಿನಿಂದ ಒದ್ದೆಯಾಗಿತ್ತು.

ಖಾಲಾ ಅದನ್ನು ತಿರುಗಿಸಿ ನೋಡಿದರು. ಬೆರಳಿನ ಗೆಣ್ಣಿನಿಂದ ಬಡಿದರು. ಟಕ್ ಟಕ್.

"ಇದೇನಾ?"

"ಇದರಿ."

"ಕೊಯ್ದಿಲ್ಲ?"

"ಇಲ್ರಿ. ಆದ್ರ ಖಾಲಾ, ನಾ ಒಂದೂ ಸುಳ್ಳ ಹೇಳಿಲ್ಲ..."

"ಒಂದರ ಖರೇ ಹೇಳಿಯೇನು?"

ಮಗಳು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಎರಡು ವರ್ಷ ಅವಳು ಕಟ್ಟಿದ್ದನ್ನು ನಾನು ಒಂದು ನಿಮಿಷದಲ್ಲಿ ಕೆಡವಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಮತ್ತ ಇದನ್ಯಾಕ ಕಟ್ಗೋತಿ?" ಖಾಲಾ ಕೇಳಿದರು.

"ತೊಗರಿ ಮ್ಯಾಗ ಜಾರಿ ಬಿದ್ದಿದ್ನಿರಿ."

"ಅದ ಆಗಿ ಹೋತು. ಈಗ್ಯಾಕ?"

"ಅಂಜಿಕಿ ಬರ್ತೈತ್ರಿ ಖಾಲಾ." ಆ ಮಾತನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. "ರಸ್ತಾದಾಗ ಹುಲ್ಲಕಡ್ಡಿ ಕಂಡ್ರೂ ಮೊಣಕಾಲ ಟ್ಯಾಂಕಿಗೆ ಅಂಟ್ಕೋತಾವು."

"ಪ್ಯಾಂಟಿನ ಒಳಗ್ಯಾಕ?"

"ಹೊರಗ ಹಾಕ್ಕೊಂಡ್ರ ಮಂದಿ ನಗ್ತಾರ್ರಿ."

ಖಾಲಾ ಚಿಪ್ಪನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಪಟ್ಟಿಯನ್ನು ಎಳೆಯುತ್ತಾ ಬಿಡುತ್ತಾ ಕುಳಿತರು. ಆಮೇಲೆ ಮಗಳ ಕಡೆ ತಿರುಗದೆ ಹೇಳಿದರು.

"ಎರಡ ವರ್ಷ ಕಾಲ ಹೋದ್ರ ಹೋಗಲಿ, ಈ ವಯಸ್ಸಿನಾಗ ಯಾಕ ಬೇಕು ಅಂತ ಅನ್ಕೊಂತ ಬಂದೆ. ಅದು ಸುಳ್ಳು. ಕತ್ತರಿ, ಕೊಯ್ಯೂದು ಅಂದ್ರ ನನಗ ಅಂಜಿಕಿ. ದಿನಾ ಕತ್ತರಿ ಹಿಡಿಯಾಕಿ ಅಂಜ್ತಾಳ ಅಂದ್ರ ಓಣಿ ನಗ್ತೈತಿ."

ಮಗಳು ಏನೋ ಹೇಳಲು ಹೋದಳು. ಖಾಲಾ ಕೈ ಎತ್ತಿ ತಡೆದರು. ಅವರ ಕಣ್ಣು ನನ್ನ ಮೇಲೆಯೇ ಇತ್ತು, ಅದರಲ್ಲಿ ನಾನು ಇಪ್ಪತ್ತು ವರ್ಷ ಕಾಣದಿದ್ದ ಒಂದು ತುಂಟತನ ಮೂಡುತ್ತಿತ್ತು.

"ಇನ್ನೊಂದೂ ಬಿಚ್ಚು" ಎಂದರು.

ಬಿಚ್ಚಿದೆ.

"ಈಗ ಎರಡೂ ಪ್ಯಾಂಟಿನ ಮ್ಯಾಲ ಕಟ್ಗೋ. ಕಟ್ಗೊಂಡ ಬಜಾರದಾಗಿಂದ ಹಾಯ್ದು ಹೋಗು. ನಡುವ ಚಹಾದ ಅಂಗಡಿ ಮುಂದ ಗಾಡಿ ನಿಲ್ಲಿಸಿ ಚಹಾ ಕುಡಿ. ಯಾಕ ಅಂತ ಯಾರರ ಕೇಳಿದ್ರ ನನಗ ಹೇಳಿದ್ದನ್ನ ಹೇಳು. ನೀ ಹೇಳಿದ್ದು ನನ್ನ ಕಿವಿಗೆ ಬರಬೇಕು. ಬಂದ್ರ ಶುಕ್ರವಾರ ನಾ ಬಿಜಾಪುರಕ್ಕ ಹೋಗ್ತೇನಿ. ಬರ್ಲಿಲ್ಲ, ಇಲ್ಲೇ ಕೂಡ್ತೇನಿ."

ಮಗಳು ತಾನೇ ಬಗ್ಗಿ ಪಟ್ಟಿ ಬಿಗಿದಳು. ಬೇಕಾದದ್ದಕ್ಕಿಂತ ಎರಡು ಪಟ್ಟು ಬಿಗಿಯಾಗಿ ಬಿಗಿದಳು.

ಓಣಿಯ ತಿರುವಿನಲ್ಲಿ ಎಡಕ್ಕೆ ಹೋದರೆ ಹಿಂದಿನ ರಸ್ತೆ, ಯಾರ ಕಣ್ಣಿಗೂ ಬೀಳದೆ ಇಂಡಿ ಸೇರಬಹುದಿತ್ತು. ಒಂದು ಕ್ಷಣ ಗಾಡಿ ನಿಲ್ಲಿಸಿದ್ದೂ ಹೌದು. ಆಮೇಲೆ ಬಲಕ್ಕೆ ತಿರುಗಿಸಿದೆ. ಬಜಾರದ ನಡುವೆ ಚಹಾದ ಅಂಗಡಿಯ ಮುಂದೆ ಇಳಿದಾಗ ಬೂದು ಪ್ಯಾಂಟಿನ ಮೇಲೆ ಎರಡು ಕಪ್ಪು ಬಟ್ಟಲು ಬಿಸಿಲಿಗೆ ಮಿಂಚುತ್ತಿದ್ದವು. ಬಾಳೆಹಣ್ಣಿನ ತಳ್ಳುಗಾಡಿಯವನು ತೂಕ ಮಾಡುವುದನ್ನು ನಿಲ್ಲಿಸಿದ. ಎದುರಿನ ದರ್ಜಿ, ನನ್ನ ಹಳೆಯ ಗಿರಾಕಿ, ಅಂಗಡಿಯಿಂದ ಇಳಿದೇ ಬಂದ.

"ಏನಪಾ ಇದು, ಕಾಲಿಗೂ ಹೆಲ್ಮೆಟ್ಟಾ? ಚಿಪ್ಪ ಹಾಕಿಸಿದಿ ಅಂದ್ರು, ಹೊರಗ ಬಂದಾವೇನು?"

ನಾಲ್ಕು ಮಂದಿ ನಕ್ಕರು. ನಾನು ಗ್ಲಾಸು ಕೆಳಗಿಟ್ಟೆ.

"ಚಿಪ್ಪ ಹಾಕಿಸಿಲ್ಲ. ಬಿದ್ದಿದ್ದೆ. ಮತ್ತ ಬೀಳ್ತೇನಿ ಅಂತ ಅಂಜಿಕಿ ಬರ್ತೈತಿ. ಅದಕ್ಕ ಕಟ್ಗೊಂಡೇನಿ."

ನಗು ಇನ್ನೂ ಜೋರಾಗುತ್ತದೆ ಎಂದುಕೊಂಡಿದ್ದೆ, ಆಯಿತು ಕೂಡ. ಬಾಳೆಹಣ್ಣಿನವನಂತೂ ತನ್ನ ಮೊಣಕಾಲಿಗೆ ಎರಡು ಬಾಳೆಹಣ್ಣು ಹಿಡಿದು ಕುಣಿದ. ನಾನು ಚಹಾ ಕುಡಿದೆ, ಒಂದೇ ಗುಟುಕಿಗೆ. ಬಾಯಿ ಸುಟ್ಟಿತು. ಗಾಡಿ ಹತ್ತುವಷ್ಟರಲ್ಲಿ ದರ್ಜಿ ಹತ್ತಿರ ಬಂದು, ಧ್ವನಿ ತಗ್ಗಿಸಿ, "ಇವು ಎಲ್ಲೆ ಸಿಗ್ತಾವ?" ಎಂದು ಕೇಳಿದ. ಸೊಲ್ಲಾಪುರದಲ್ಲಿ ಎಂದು ಅಷ್ಟೇ ಮೆಲ್ಲಗೆ ಹೇಳಿದೆ. ಇಂಡಿ ಮುಟ್ಟುವ ಮೊದಲೇ ಖಾಲಾನ ಮಗಳ ಫೋನು ಬಂತು. ಶುಕ್ರವಾರದ ಗಾಡಿಗೆ ಹೇಳಿದ್ದೇವೆ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಅಣ್ಣಾರ ಎನ್ನಲಿಲ್ಲ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಮುದ್ದೇಬಿಹಾಳದ ದರ್ಜಿ ಕುರ್ಚಿ ವಾಪಸು ತೆಗೆದುಕೊಂಡ. ಬಾಗೇವಾಡಿಯ ಅಂಗಡಿಯವರು ಎರಡು ಭೇಟಿಯವರೆಗೆ ಮಾತಾಡಲಿಲ್ಲ, ಅವರ ಅತ್ತೆ ಸೊಲ್ಲಾಪುರಕ್ಕೆ ಹೋಗಲು ಬಟ್ಟೆ ಕಟ್ಟಿಕೊಂಡಿದ್ದರಂತೆ. ಹೊರ್ತಿಯವಳಿಗೆ ನಾನೇ ಹೋಗಿ ಹೇಳಿ ಬೈಸಿಕೊಂಡೆ. ನಿಂಬೆಹಣ್ಣು ಮಾತ್ರ ತಿಂದು ಮುಗಿದಿತ್ತು. ಹೆಂಡತಿ ಬಾಗಿಲಿಗೆ ಬಂದು ಚಿಪ್ಪಿನ ಬಗ್ಗೆ ಕೇಳುವುದನ್ನು ನಿಲ್ಲಿಸಿದಳು, ಈಗ ಬಂದು ಪಟ್ಟಿ ಸರಿಯಿದೆಯೇ ಎಂದು ತಾನೇ ಎಳೆದು ನೋಡುತ್ತಾಳೆ. ಖಾಲಾ ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ನಾನು ಪ್ಯಾಂಟಿನ ಮೇಲೆಯೇ ಕಟ್ಟಿಕೊಂಡು ತಿರುಗಿದೆ. ಯಾರೂ ಹೇಳಿರಲಿಲ್ಲ. ಒಳಗೆ ಹಾಕಿಕೊಂಡರೆ ಅಲ್ಲಿ ಅವರಿಗೇನಾದರೂ ಆದೀತು ಎಂಬ ಮೂಢ ಭಯ ನನಗೆ.

ಮಳೆ ಹಿಡಿದ ಮೇಲೆ ಒಂದು ದಿನ ಖಾಲಾನಿಂದಲೇ ಫೋನು ಬಂತು. "ಮಶೀನಿಗೆ ಮೋಟರ್ ಹಾಕ್ತೇನಿ ಅಂದಿದ್ದೆಲ್ಲ, ತಗೊಂಡ ಬಾ." ಮೋಟರ್ ಪೆಟ್ಟಿಗೆಗೆ ಹಾಕಿಕೊಂಡು ಹೋದೆ. ಓಣಿಯಲ್ಲಿ ಗಾಡಿ ನಿಲ್ಲಿಸುವಾಗ ಅವರು ಹೊಸ್ತಿಲಲ್ಲಿ ಕೋಲು ಹಿಡಿದು ನಿಂತಿದ್ದರು. ಗೋಡೆ ಹಿಡಿದಿರಲಿಲ್ಲ. ಮಗಳು ಹಿಂದೆ ನಿಂತಿದ್ದಳು, ಮುಟ್ಟಿರಲಿಲ್ಲ. ತೆರೆದ ಬಾಗಿಲಿನಿಂದ ಒಳಗಿನ ಕುರ್ಚಿ ಕಾಣುತ್ತಿತ್ತು, ಅದರ ಬೆನ್ನಿಗೆ ಹೊಸ ಜಾನಮಾಜು ಹಾಕಿತ್ತು. ನೆಲಕ್ಕೆ ಕೂಡುವ ಹಟ ಬಿಟ್ಟಿದ್ದರು.

ನಾನು ಇಳಿಯಲು ಹೋದೆ.

"ಇಳೀಬ್ಯಾಡ. ಅಲ್ಲೇ ಕೂಡು" ಎಂದರು.

ಕುಳಿತೆ. ಖಾಲಾ ಹೊಸ್ತಿಲು ಇಳಿದರು. ಒಂದು ಹೆಜ್ಜೆ, ನಿಂತರು. ಇನ್ನೊಂದು. ಅಂಗಳ ದಾಟಿ, ಗಟಾರದ ಮೇಲಿನ ಕಲ್ಲು ದಾಟಿ ಗಾಡಿಯ ಹತ್ತಿರ ಬಂದರು. ನನ್ನ ಮೊಣಕಾಲಿನ ಮೇಲಿದ್ದ ಕಪ್ಪು ಬಟ್ಟಲನ್ನು ಗೆಣ್ಣಿನಿಂದ ಬಡಿದರು. ಟಕ್ ಟಕ್.

ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು, ತಮ್ಮ ಮೊಣಕಾಲನ್ನು ಬಡಿದುಕೊಂಡರು. ಸಪ್ಪಳ ಬರಲಿಲ್ಲ.

"ಕೇಳಿಸ್ತೇನು?" ಎಂದರು. "ಖರೇ ಚಿಪ್ಪ ಹಿಂಗಿರ್ತೈತಿ ನೋಡು."

ಕೋಲನ್ನು ನನ್ನ ಕೈಯಲ್ಲೇ ಬಿಟ್ಟು ತಿರುಗಿ ಮನೆಯ ಕಡೆ ನಡೆದರು.